ಚಾವಣಿ ಗುತ್ತಿಗೆದಾರರ ವಿಮೆ: ‘ಎಲ್ಲವೂ ಕವರ್ ಆಗಿದೆ’ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ: ನಾನು ಹನ್ನೆರಡು ವರ್ಷಗಳಿಂದ ಚಾವಣಿ ಗುತ್ತಿಗೆ ನಡೆಸುತ್ತಿದ್ದೇನೆ. ತಗಡಿನ ಶೀಟು, ಹೆಂಚು, ಸಮತಟ್ಟಾದ ತಾರಸಿಗೆ ಗ್ಯಾಸ್ ಬರ್ನರಿನಿಂದ ಡಾಂಬರು ಹಾಳೆ ಅಂಟಿಸುವುದು ಎಲ್ಲವನ್ನೂ ಮಾಡುತ್ತೇವೆ. ಎಂಟು ಜನ ಕಾಯಂ ಕೆಲಸಗಾರರಿದ್ದಾರೆ. ದೊಡ್ಡ ಕೆಲಸ ಬಂದಾಗ ಒಬ್ಬ ಮೇಸ್ತ್ರಿಯ ತಂಡವನ್ನು ಸೇರಿಸಿಕೊಳ್ಳುತ್ತೇನೆ. ನನ್ನ ಬಳಿ ಒಂದು ಹೊಣೆಗಾರಿಕೆ ಪಾಲಿಸಿ ಇದೆ, ಅದರಲ್ಲಿ ಎಲ್ಲವೂ ಕವರ್ ಆಗಿದೆ ಎಂದು ಏಜೆಂಟರು ಹೇಳಿದ್ದರು. ಆದರೆ ನಾವು ಮುಗಿಸಿಕೊಟ್ಟಿದ್ದ ಒಂದು ಚಾವಣಿ ಎರಡನೆಯ ಮಳೆಗಾಲದಲ್ಲಿ ಸೋರಿ ಒಳಗಿನ ಸೀಲಿಂಗ್ ಹಾಳಾದಾಗ, ಕ್ಲೇಮಿನ ಬಹುಭಾಗವನ್ನು ಕಂಪನಿ ತಿರಸ್ಕರಿಸಿತು. ಈಗ ಗೋದಾಮಿನ ಮಾಲೀಕರೊಬ್ಬರು ಕೆಲಸ ಒಪ್ಪಿಸುವ ಮುನ್ನ ವಿಮೆಯ ಪ್ರಮಾಣಪತ್ರ ಕೇಳುತ್ತಿದ್ದಾರೆ. ತಮ್ಮ ಹೆಸರೂ ಪಾಲಿಸಿಯಲ್ಲಿ ಬರಬೇಕು ಎನ್ನುತ್ತಿದ್ದಾರೆ. ನನಗೆ ನಿಜವಾಗಿ ಬೇಕಾದ ವಿಮೆ ಯಾವುದು?

ಉತ್ತರ: ನಿಮ್ಮ ಏಜೆಂಟರು ಸುಳ್ಳು ಹೇಳಿರಲಿಕ್ಕಿಲ್ಲ, ಅವರು ಪಾಲಿಸಿಯ ಮೊದಲ ಪುಟವನ್ನು ಓದಿ ಹೇಳಿದ್ದಾರೆ, ಅಷ್ಟೆ. ಮೂರನೆಯ ವ್ಯಕ್ತಿಗೆ ಆದ ಗಾಯ, ಮೂರನೆಯ ವ್ಯಕ್ತಿಯ ಆಸ್ತಿಗೆ ಆದ ನಷ್ಟ, ಇವೆರಡಕ್ಕೂ ಪರಿಹಾರ ಕೊಡುತ್ತೇವೆ ಎಂದು ಮೊದಲ ಪುಟ ಉದಾರವಾಗಿ ಹೇಳುತ್ತದೆ. ಆ ಉದಾರತೆಯನ್ನು ಮುಂದಿನ ಪುಟಗಳ ಷರತ್ತುಗಳು, ಹೊರಗಿಟ್ಟ ಅಂಶಗಳು ಮತ್ತು ಕೊನೆಯಲ್ಲಿ ಲಗತ್ತಿಸಿದ ಎಂಡಾರ್ಸ್‌ಮೆಂಟುಗಳು, ಅಂದರೆ ಪಾಲಿಸಿಯನ್ನು ತಿದ್ದುವ ಪೂರಕ ಹಾಳೆಗಳು, ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತವೆ. ಬಣ್ಣ ಬಳಿಯುವವರಿಗೋ ನೆಲಹಾಸು ಹಾಕುವವರಿಗೋ ಈ ಕಡಿತಗಳಿಂದ ಅಷ್ಟೇನೂ ತೊಂದರೆಯಾಗದು. ಚಾವಣಿಯವರಿಗೆ ಹಾಗಲ್ಲ. ತೆರೆದ ಚಾವಣಿ, ಬೆಂಕಿ, ಎತ್ತರ, ಕೆಲಸ ಮುಗಿದ ಮೇಲಿನ ಸೋರಿಕೆ ಎಂಬ ನಾಲ್ಕು ನಿಮ್ಮ ಉದ್ಯೋಗದ ನಿಜವಾದ ಅಪಾಯಗಳು, ಮತ್ತು ಸಾಮಾನ್ಯ ಹೊಣೆಗಾರಿಕೆ ಪಾಲಿಸಿಯ ಕಡಿತಗಳು ಬಹುಪಾಲು ಬಂದು ಕೂರುವುದೂ ಈ ನಾಲ್ಕರ ಮೇಲೆಯೇ. ಆದ್ದರಿಂದ ಚಾವಣಿ ಗುತ್ತಿಗೆದಾರರು ತಮ್ಮ ಪಾಲಿಸಿಯನ್ನು ಹಿಂದಿನಿಂದ ಮುಂದಕ್ಕೆ ಓದಬೇಕು ಎಂದು ನಾನು ಹೇಳುವುದುಂಟು.

ಮೊದಲು ನಿಮಗೆ ತಿರಸ್ಕಾರವಾದ ಕ್ಲೇಮನ್ನು ನೋಡೋಣ. ಹೊಣೆಗಾರಿಕೆ ವಿಮೆ ನಿಮ್ಮ ಕೆಲಸಕ್ಕೆ ಕೊಡುವ ಗ್ಯಾರಂಟಿಯಲ್ಲ. ನೀವು ಹಾಕಿದ ಚಾವಣಿಯೇ ಸರಿಯಿಲ್ಲದಿದ್ದರೆ ಅದನ್ನು ಬಿಚ್ಚಿ ಮತ್ತೆ ಹಾಕುವ ಖರ್ಚು ನಿಮ್ಮದೇ. ಆ ದೋಷದಿಂದ ಬೇರೆಯವರ ಬೇರೊಂದು ವಸ್ತು ಹಾಳಾದರೆ ಮಾತ್ರ ವಿಮೆ ಎದ್ದು ನಿಲ್ಲುತ್ತದೆ. ಹಾಗಾಗಿ ಶೀಟುಗಳ ನಡುವಿನ ಜೋಡಣೆ, ಫ್ಲ್ಯಾಷಿಂಗ್ (ಸಂದುಗಳಲ್ಲಿ ನೀರು ಇಳಿಯದಂತೆ ಹಾಕುವ ತಗಡಿನ ಪಟ್ಟಿ), ಸ್ಕ್ರೂಗಳನ್ನು ಸರಿಪಡಿಸಿದ ಬಿಲ್ಲನ್ನು ಕಂಪನಿ ನಿರಾಕರಿಸಿದ್ದು ಆಶ್ಚರ್ಯದ ಸಂಗತಿಯಲ್ಲ. ಆದರೆ ಕೆಳಗಿನ ಸೀಲಿಂಗ್, ಗೋಡೆಯ ಬಣ್ಣ, ಪೀಠೋಪಕರಣಗಳ ನಷ್ಟ ಬೇರೆಯೇ ಲೆಕ್ಕ. ಅದನ್ನೂ ನಿರಾಕರಿಸಿದ್ದರೆ ಎರಡು ಕಾರಣಗಳನ್ನು ಹುಡುಕಬೇಕು: ಪಾಲಿಸಿಯಲ್ಲಿ ‘ಮುಗಿದ ಕೆಲಸದ ಹೊಣೆಗಾರಿಕೆ’ ಎಂಬ ಭಾಗ ಇಲ್ಲವೇ ಇರಲಿಲ್ಲ, ಅಥವಾ ಇದ್ದರೂ ಕಾಲದ ಲೆಕ್ಕದಲ್ಲಿ ಅದು ಕೈತಪ್ಪಿತು. ನೀವು ಒಂದೇ ಬಿಲ್ಲಿನಲ್ಲಿ ಎರಡನ್ನೂ ಸೇರಿಸಿ ಕಳುಹಿಸಿದ್ದರೆ ಮೊದಲು ಅದನ್ನು ಬಿಡಿಸಿ ಮರುಪರಿಶೀಲನೆಗೆ ಕೊಡಿ. ರಿಪೇರಿಯ ಖರ್ಚು ಮತ್ತು ಪರಿಣಾಮದ ನಷ್ಟ ಒಂದೇ ಸಾಲಿನಲ್ಲಿ ಕಲಸಿಕೊಂಡಿದ್ದರಿಂದಲೇ ಬಿದ್ದುಹೋದ ಕ್ಲೇಮುಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

ಕಾಲದ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು. ಹೊಣೆಗಾರಿಕೆ ಪಾಲಿಸಿಗಳಲ್ಲಿ ಎರಡು ಜಾತಿ. ಒಂದರಲ್ಲಿ, ನಷ್ಟ ಸಂಭವಿಸಿದ ದಿನ ಯಾವ ಪಾಲಿಸಿ ಜಾರಿಯಲ್ಲಿತ್ತೋ ಆ ಪಾಲಿಸಿಯೇ ಹೊಣೆ ಹೊರುತ್ತದೆ. ದೂರು ಎರಡು ವರ್ಷ ಬಿಟ್ಟು ಬಂದರೂ ಸರಿಯೆ. ಇನ್ನೊಂದರಲ್ಲಿ, ನಿಮ್ಮ ಮೇಲೆ ಕ್ಲೇಮು ಬಂದ ದಿನ ಪಾಲಿಸಿ ಜಾರಿಯಲ್ಲಿರಬೇಕು, ಜೊತೆಗೆ ಕಾರಣವಾದ ಕೆಲಸ ಪಾಲಿಸಿಯಲ್ಲಿ ನಮೂದಾದ ‘ಹಿಂದಿನ ದಿನಾಂಕ’ದ ನಂತರ ನಡೆದಿರಬೇಕು. ಚಾವಣಿಯ ದೋಷ ಹೊರಬೀಳುವುದು ನಿಧಾನ. ಮೊದಲ ಮಳೆಗೆ ತೇವ, ಎರಡನೆಯದಕ್ಕೆ ಕಲೆ, ಮೂರನೆಯದಕ್ಕೆ ಸೀಲಿಂಗ್ ಕೆಳಗೆ. ಹೀಗಿರುವಾಗ ಎರಡನೆಯ ಜಾತಿಯ ಪಾಲಿಸಿ ಇಟ್ಟುಕೊಂಡವರು ಒಂದು ವರ್ಷ ನವೀಕರಿಸದೆ ಬಿಟ್ಟರೂ, ಅಥವಾ ಅಗ್ಗವೆಂದು ಹೊಸ ಕಂಪನಿಗೆ ಹೋಗಿ ಹಿಂದಿನ ದಿನಾಂಕವನ್ನು ಕಳೆದುಕೊಂಡರೂ, ಹಿಂದೆ ಮಾಡಿದ ಎಲ್ಲ ಚಾವಣಿಗಳೂ ಒಮ್ಮೆಲೇ ವಿಮೆಯಿಲ್ಲದ ಚಾವಣಿಗಳಾಗುತ್ತವೆ. ನಿಮ್ಮದು ಯಾವ ಜಾತಿ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಉದ್ಯೋಗ ನಿಲ್ಲಿಸುವ ಯೋಚನೆ ಎಂದಾದರೂ ಬಂದರೆ, ನಿಲ್ಲಿಸಿದ ನಂತರದ ಕೆಲವು ವರ್ಷಗಳಿಗೂ ರಕ್ಷಣೆ ಮುಂದುವರಿಸುವ ವ್ಯವಸ್ಥೆಯನ್ನು ಆಗಲೇ ಕೇಳಬೇಕಾಗುತ್ತದೆ.

ಇನ್ನು ತೆರೆದ ಚಾವಣಿ. ಹಳೆಯ ಶೀಟು ಬಿಚ್ಚಿ ಹೊಸದು ಹಾಕುವ ನಡುವಿನ ಗಂಟೆಗಳೇ ನಿಮ್ಮ ವೃತ್ತಿಯ ಅತ್ಯಂತ ದುಬಾರಿ ಗಂಟೆಗಳು. ಹಲವು ಪಾಲಿಸಿಗಳಲ್ಲಿ, ಗುತ್ತಿಗೆದಾರನು ಚಾವಣಿಯನ್ನು ತೆರೆದಿಟ್ಟಿದ್ದಾಗ ಒಳನುಗ್ಗಿದ ಮಳೆನೀರಿನಿಂದ ಆದ ನಷ್ಟವನ್ನು ನೇರವಾಗಿ ಹೊರಗಿಟ್ಟಿರುತ್ತಾರೆ; ಉಳಿದವುಗಳಲ್ಲಿ ‘ಸೂಕ್ತವಾದ ತಾತ್ಕಾಲಿಕ ಹೊದಿಕೆ ಹಾಕಿದ್ದರೆ ಮಾತ್ರ’ ಎಂಬ ಷರತ್ತಿನೊಡನೆ ಒಪ್ಪಿಕೊಂಡಿರುತ್ತಾರೆ. ‘ಸೂಕ್ತ’ ಎಂಬ ಒಂದು ಪದದ ಮೇಲೆ ನಡೆಯುವ ವಾದಕ್ಕೆ ಕೊನೆಯೇ ಇಲ್ಲ. ನಾನು ಕಂಡ ಒಂದು ಪ್ರಕರಣದಲ್ಲಿ ಗುತ್ತಿಗೆದಾರರು ಎರಡು ಅಂಕಣದಷ್ಟು ಶೀಟು ಬಿಚ್ಚಿ, ಸಂಜೆ ಟಾರ್ಪಾಲು ಹೊದಿಸಿ ಮನೆಗೆ ಹೋಗಿದ್ದರು. ರಾತ್ರಿ ಗಾಳಿ ಎದ್ದು ಟಾರ್ಪಾಲಿನ ಒಂದು ಮೂಲೆ ಕಿತ್ತುಹೋಯಿತು. ಕೆಳಗಿದ್ದ ಕಾಗದದ ದಾಸ್ತಾನು ನೆನೆಯಿತು. ಟಾರ್ಪಾಲಿನ ಮೇಲೆ ಇಟ್ಟಿಗೆ ಹೇರಿದ್ದಷ್ಟೇ, ಕಟ್ಟಿರಲಿಲ್ಲ ಎಂಬುದು ನಷ್ಟವನ್ನು ಪರಿಶೀಲಿಸಲು ಬಂದ ಸರ್ವೇಯರರ ಮೊದಲ ಅಭಿಪ್ರಾಯ. ಆದರೆ ತಂಡದ ಹುಡುಗನೊಬ್ಬ ಕೆಲಸ ಮುಗಿಸಿ ಇಳಿಯುವಾಗ ಮೊಬೈಲಿನಲ್ಲಿ ತೆಗೆದಿದ್ದ ಚಿತ್ರದಲ್ಲಿ ರೀಪಿನ ಪಟ್ಟಿಗಳನ್ನು ಅಡ್ಡ ಹಾಕಿ ಮೊಳೆ ಹೊಡೆದು ಟಾರ್ಪಾಲು ಬಿಗಿದಿದ್ದುದು, ಮೇಲ್ತುದಿಯನ್ನು ಉಳಿದ ಶೀಟಿನ ಅಡಿಗೆ ಸೇರಿಸಿದ್ದುದು ಸ್ಪಷ್ಟವಾಗಿ ಕಾಣುತ್ತಿತ್ತು. ಚಿತ್ರದ ಮೇಲೆ ಸಮಯವೂ ಇತ್ತು. ಅದರಿಂದ ಕ್ಲೇಮು ಉಳಿಯಿತು. ಆ ಹುಡುಗ ಚಿತ್ರ ತೆಗೆದದ್ದು ವಿಮೆಗಾಗಿ ಅಲ್ಲ, ಸಂಜೆಯ ಆಕಾಶ ಚೆನ್ನಾಗಿತ್ತು ಎಂದು. ನೀವು ಅದೃಷ್ಟವನ್ನು ನಂಬಿ ಕೂರಬೇಡಿ: ಪ್ರತಿದಿನ ಬಿಚ್ಚಿದ ಭಾಗ, ಹೊದಿಸಿದ ರೀತಿ, ಆ ದಿನದ ಹವಾಮಾನದ ಮುನ್ಸೂಚನೆ, ಮೂರನ್ನೂ ಚಿತ್ರದಲ್ಲಿ ಉಳಿಸುವುದು ಕೆಲಸದ ಭಾಗವಾಗಲಿ. ಅದೇ ದಿನ ಮುಚ್ಚಲಾಗುವಷ್ಟನ್ನೇ ಬಿಚ್ಚಬೇಕು ಎಂಬ ಹಳೆಯ ಮೇಸ್ತ್ರಿಗಳ ನಿಯಮ ಕೆಲವು ಪಾಲಿಸಿಗಳಲ್ಲಿ ಲಿಖಿತ ಷರತ್ತಾಗಿಯೇ ಇರುತ್ತದೆ.

ನೀವು ಬರ್ನರ್ ಬಳಸುತ್ತೇವೆ ಎಂದು ಬರೆದಿದ್ದೀರಿ. ಈ ಒಂದು ವಾಕ್ಯ ನಿಮ್ಮ ಪ್ರೀಮಿಯಮ್ಮನ್ನೂ ನಿಮ್ಮ ಅಪಾಯವನ್ನೂ ಬೇರೆ ಮಟ್ಟಕ್ಕೆ ಒಯ್ಯುತ್ತದೆ. ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿರುವ ಅಪ್‌ಪಾರ್ಕ್ ಎಂಬ 17ನೆಯ ಶತಮಾನದ ಮಹಲು 1989ರ ಆಗಸ್ಟ್ 30ರಂದು ಹೊತ್ತಿ ಉರಿಯಿತು. ಚಾವಣಿಯ ಸೀಸದ ತಗಡನ್ನು ಸರಿಪಡಿಸುತ್ತಿದ್ದವರ ಬ್ಲೋಟಾರ್ಚಿನಿಂದ ಬೆಂಕಿ ಹತ್ತಿತ್ತು, ದುರಸ್ತಿ ಕೆಲಸ ಮುಗಿಯುವ ಹಂತದಲ್ಲಿತ್ತು. ಕಟ್ಟಡವನ್ನು ಮತ್ತೆ ಕಟ್ಟಿ ಜನರಿಗೆ ತೆರೆಯಲು 1995 ಬಂತು. ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ 1996ರ ಏಪ್ರಿಲ್ 11ರಂದು ಟರ್ಮಿನಲ್ಲಿನ ಮೇಲಿದ್ದ ರಸ್ತೆಯಲ್ಲಿ ನಡೆದ ವೆಲ್ಡಿಂಗ್, ಕೆಳಗಿನ ಸೀಲಿಂಗಿನ ಒಳಗಿದ್ದ ಪಾಲಿಸ್ಟೈರೀನ್ ಪದರಕ್ಕೆ ತಗಲಿ 17 ಜನ ಸತ್ತರು. ಎರಡರಲ್ಲೂ ಕೆಲಸ ನಡೆದ ಜಾಗವೇ ಬೇರೆ, ಹಾನಿ ಹಬ್ಬಿದ ಜಾಗವೇ ಬೇರೆ. ಚಾವಣಿಯಡಿಯ ಒಣಮರ, ಧೂಳು, ಹಳೆಯ ಡಾಂಬರು ಹಾಳೆ, ಉಷ್ಣನಿರೋಧಕ ಪದರ ಇವು ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಒಳಗೊಳಗೇ ಕನಲಬಲ್ಲವು. ತಂಡ ಸಾಮಾನು ಕಟ್ಟಿ ಹೋದ ಮೇಲೆಯೇ ಹೊಗೆ ಹೊರಗೆ ಕಾಣುತ್ತದೆ.

ಈ ಕಾರಣಕ್ಕಾಗಿ ವಿಮಾ ಕಂಪನಿಗಳು ಶಾಖ ಬಳಸುವ ಕೆಲಸಕ್ಕೆ ಪ್ರತ್ಯೇಕ ಷರತ್ತು ಹಾಕುತ್ತವೆ: ಕೆಲಸಕ್ಕೆ ಮುನ್ನ ಲಿಖಿತ ಅನುಮತಿ, ಸುತ್ತ ಉರಿಯಬಲ್ಲ ವಸ್ತುಗಳನ್ನು ಸರಿಸುವುದು ಅಥವಾ ಮುಚ್ಚುವುದು, ಕೈಗೆಟಕುವಲ್ಲಿ ಅಗ್ನಿಶಾಮಕ ಸಾಧನ, ಮತ್ತು ಬರ್ನರ್ ಆರಿಸಿದ ನಂತರವೂ ನಿಗದಿತ ಹೊತ್ತು ಒಬ್ಬರು ಅಲ್ಲಿಯೇ ಕಾವಲಿರುವುದು. ಅಮೆರಿಕದ ಸರ್ಕಾರಿ ಸುರಕ್ಷತಾ ನಿಯಮ ಈ ಕಾವಲನ್ನು ಕನಿಷ್ಠ 30 ನಿಮಿಷ ಎಂದಿಟ್ಟಿದೆ. ಅಲ್ಲಿನದೇ ಅಗ್ನಿ ಸುರಕ್ಷತಾ ಸಂಸ್ಥೆಯಾದ ಎನ್‌ಎಫ್‌ಪಿಎಯ 51ಬಿ ಎಂಬ ಮಾನದಂಡ 2019ರ ಆವೃತ್ತಿಯಿಂದ ಅದನ್ನು ಒಂದು ಗಂಟೆಗೆ ಏರಿಸಿತು. ನಿಮ್ಮ ಪಾಲಿಸಿಯಲ್ಲಿ ಎಷ್ಟೆಂದಿದೆಯೋ ಅದು ನಿಮಗೆ ಕಾನೂನು. ಇಂಥ ಷರತ್ತು ಉಲ್ಲಂಘನೆಯಾದರೆ ಪರಿಹಾರವೇ ಇಲ್ಲವಾಗುವ ಅಪಾಯವಿದೆ. ಹಾಗಾಗಿ ಸಂಜೆ ಐದಕ್ಕೆ ಮನೆಗೆ ಹೊರಡಬೇಕಾದ ತಂಡ ಬರ್ನರನ್ನು ನಾಲ್ಕಕ್ಕೇ ಆರಿಸಬೇಕು ಎಂಬುದು ಸುರಕ್ಷತೆಯ ಮಾತು ಹೇಗೋ ಹಾಗೆಯೇ ಲೆಕ್ಕಾಚಾರದ ಮಾತು. ಕೆಲವು ಅಗ್ಗದ ಪಾಲಿಸಿಗಳಲ್ಲಿ ಶಾಖದ ಕೆಲಸವನ್ನು ಪೂರ್ತಿಯಾಗಿಯೇ ಹೊರಗಿಟ್ಟಿರುತ್ತಾರೆ. ನಿಮ್ಮದು ಅಂಥದ್ದಾಗಿದ್ದರೆ, ಡಾಂಬರು ಹಾಳೆಯ ಮಟ್ಟಿಗೆ ನೀವು ಇಷ್ಟು ವರ್ಷ ವಿಮೆಯಿಲ್ಲದೆಯೇ ದುಡಿದಂತೆ.

ಕೆಲಸಗಾರರ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಹೊಣೆಗಾರಿಕೆ ಪಾಲಿಸಿ ಮೂರನೆಯ ವ್ಯಕ್ತಿಗೆ ಸಂಬಂಧಿಸಿದ್ದು. ನಿಮ್ಮ ಎಂಟು ಜನ ಮೂರನೆಯ ವ್ಯಕ್ತಿಗಳಲ್ಲ. ಅವರಲ್ಲೊಬ್ಬರು ಬಿದ್ದರೆ ಆ ಪಾಲಿಸಿಯಿಂದ ಬಿಡಿಗಾಸೂ ಬಾರದು. ಅದಕ್ಕೆ ನೌಕರರ ಪರಿಹಾರ ವಿಮೆಯೇ ಬೇಕು. ಯಾರ ತಪ್ಪು ಎಂದು ಕೇಳದೆ ಗಾಯಗೊಂಡ ಕಾರ್ಮಿಕನಿಗೆ ಹಣ ಸಿಗಬೇಕೆಂಬ ಈ ಪದ್ಧತಿಯನ್ನು ರಾಷ್ಟ್ರಮಟ್ಟದಲ್ಲಿ ಮೊದಲು ತಂದದ್ದು ಜರ್ಮನಿ, 1884ರ ಅಪಘಾತ ವಿಮಾ ಕಾಯಿದೆಯ ಮೂಲಕ; ಇಂದು ಬಹುತೇಕ ದೇಶಗಳಲ್ಲಿ ಇದು ಯಾವುದಾದರೊಂದು ರೂಪದಲ್ಲಿ ಕಡ್ಡಾಯ. ಚಾವಣಿಯಲ್ಲಿ ಬೀಳುವುದೆಂದರೆ ಅಂಚಿನಿಂದ ಜಾರುವುದಷ್ಟೇ ಅಲ್ಲ. ಬಿಸಿಲಿಗೆ ಬಳಲಿ ಬಣ್ಣ ಮಾಸಿದ, ಬೆಳಕು ಒಳಬರಲೆಂದು ಹಾಕಿದ ಪಾರದರ್ಶಕ ಶೀಟು ದೂರದಿಂದ ಪಕ್ಕದ ಗಟ್ಟಿ ಶೀಟಿನಂತೆಯೇ ಕಾಣುತ್ತದೆ. ಅದರ ಮೇಲೆ ಕಾಲಿಟ್ಟವರು ನೇರ ಕೆಳಗೆ ಹೋಗುತ್ತಾರೆ. ಗೋದಾಮಿನ ಕೆಲಸದಲ್ಲಿ ನಿಮಗೆ ಎದುರಾಗುವುದು ಬಹುಶಃ ಇದೇ.

ಮೇಸ್ತ್ರಿಯ ತಂಡ ಯಾರದು? ಅವರಿಗೆ ನೀವು ದಿನಗೂಲಿ ಕೊಟ್ಟು, ಹೊತ್ತು ಗೊತ್ತುಮಾಡಿ, ನಿಮ್ಮ ಏಣಿ ಹಾರ್ನೆಸ್ ಕೊಟ್ಟು ದುಡಿಸಿಕೊಳ್ಳುತ್ತಿದ್ದರೆ, ಕಾಗದದ ಮೇಲೆ ‘ಉಪಗುತ್ತಿಗೆ’ ಎಂದು ಬರೆದಿದ್ದರೂ ಅವರನ್ನು ನಿಮ್ಮ ನೌಕರರೆಂದೇ ಪರಿಗಣಿಸುವ ಸಾಧ್ಯತೆ ದೊಡ್ಡದು. ನಿಜವಾದ ಉಪಗುತ್ತಿಗೆಯಾಗಿದ್ದರೆ, ಆ ಮೇಸ್ತ್ರಿಗೆ ತನ್ನದೇ ವಿಮೆ ಇರಬೇಕು ಎಂದು ನಿಮ್ಮ ಪಾಲಿಸಿಯೇ ಷರತ್ತು ಹಾಕಿರಬಹುದು; ಅವನಿಗಿಲ್ಲದಿದ್ದರೆ ಕಂಪನಿ ನಿಮ್ಮ ರಕ್ಷಣೆಯನ್ನು ಮೊಟಕುಗೊಳಿಸುತ್ತದೆ, ಇಲ್ಲವೇ ವರ್ಷಾಂತ್ಯದ ಲೆಕ್ಕಪರಿಶೀಲನೆಯಲ್ಲಿ ಅವನಿಗೆ ಕೊಟ್ಟ ಹಣವನ್ನೂ ನಿಮ್ಮ ಕೂಲಿಪಟ್ಟಿಗೆ ಸೇರಿಸಿ ಹೆಚ್ಚುವರಿ ಪ್ರೀಮಿಯಂ ಕೇಳುತ್ತದೆ. ನನ್ನ ಸಲಹೆ ನೇರವಾದದ್ದು: ಮೇಸ್ತ್ರಿಗೆ ಸ್ವಂತ ಪಾಲಿಸಿ ಇಲ್ಲವೆಂದಾದರೆ ಅವನ ಜನರ ಸಂಖ್ಯೆ, ಕೂಲಿ ಎರಡನ್ನೂ ಮೊದಲೇ ಘೋಷಿಸಿ ನಿಮ್ಮ ನೌಕರರ ಪಾಲಿಸಿಗೇ ಸೇರಿಸಿಬಿಡಿ. ಅದರಿಂದ ಪ್ರೀಮಿಯಂ ಏರುವುದು ನಿಜ, ಆದರೆ ಒಂದು ಅಪಘಾತದ ನಂತರ ‘ಅವನು ಯಾರ ಆಳು’ ಎಂಬ ವಿಚಾರಣೆಯಲ್ಲಿ ಕಳೆಯುವ ವರ್ಷಗಳಿಗೆ ಹೋಲಿಸಿದರೆ ಅದು ಸಣ್ಣ ಮೊತ್ತ.

ಚಾವಣಿಯವರಿಗೆ ಪ್ರೀಮಿಯಂ ಯಾಕಿಷ್ಟು ಎಂದು ಗೊಣಗುವವರಿಗೆ ನ್ಯೂಯಾರ್ಕ್ ರಾಜ್ಯದ ಉದಾಹರಣೆ ಕೊಡಬಹುದು. ಅಲ್ಲಿನ ಕಾರ್ಮಿಕ ಕಾಯಿದೆಯ 240ನೆಯ ವಿಧಿ, ಸಾರುವೆ ಅಥವಾ ಏಣಿಯ ಸರಿಯಾದ ರಕ್ಷಣೆಯಿಲ್ಲದೆ ಎತ್ತರದಿಂದ ಬಿದ್ದ ಕಾರ್ಮಿಕನಿಗೆ ಕಟ್ಟಡದ ಮಾಲೀಕ ಮತ್ತು ಗುತ್ತಿಗೆದಾರನನ್ನು ನೇರ ಹೊಣೆ ಮಾಡುತ್ತದೆ. ಕಾರ್ಮಿಕನ ಕಡೆಯಿಂದಲೂ ಸ್ವಲ್ಪ ಅಜಾಗರೂಕತೆ ಇತ್ತೆಂದು ತೋರಿಸಿ ಮೊತ್ತ ಇಳಿಸುವ ಅವಕಾಶ ಸಾಮಾನ್ಯವಾಗಿ ಇಲ್ಲ. ಹೊಣೆ ಅಷ್ಟು ಬಿಗಿಯಾದಲ್ಲಿ ವಿಮೆಯೂ ಅಷ್ಟೇ ತುಟ್ಟಿ. ಗೋದಾಮಿನ ಮಾಲೀಕರು ಯಾಕೆ ನಿಮ್ಮ ವಿಮೆಯನ್ನು ಕೆದಕುತ್ತಿದ್ದಾರೆ ಎಂಬುದಕ್ಕೂ ಉತ್ತರ ಇಲ್ಲಿದೆ: ನಿಮ್ಮ ಕೆಲಸಗಾರ ಬಿದ್ದರೆ ಮೊಕದ್ದಮೆ ಅವರ ಬಾಗಿಲಿಗೂ ಬರಬಹುದು.

ಅವರು ಕೇಳಿದ ಪ್ರಮಾಣಪತ್ರದ ಬಗ್ಗೆ ಒಂದು ಎಚ್ಚರಿಕೆ. ಪ್ರಮಾಣಪತ್ರವೆಂದರೆ ಪಾಲಿಸಿ ಇದೆ ಎಂಬ ಮಾಹಿತಿಯ ಹಾಳೆ ಮಾತ್ರ. ಅದರಲ್ಲಿ ಮಾಲೀಕರ ಹೆಸರು ಅಚ್ಚಾದ ಮಾತ್ರಕ್ಕೆ ಅವರಿಗೆ ಯಾವ ಹಕ್ಕೂ ಬರುವುದಿಲ್ಲ. ಅವರನ್ನು ‘ಹೆಚ್ಚುವರಿ ವಿಮಾದಾರ’ರನ್ನಾಗಿ, ಅಂದರೆ ನಿಮ್ಮ ಪಾಲಿಸಿಯ ರಕ್ಷಣೆಯನ್ನು ತಾವೂ ಪಡೆಯುವವರನ್ನಾಗಿ, ಸೇರಿಸಿದ ಎಂಡಾರ್ಸ್‌ಮೆಂಟ್ ಪಾಲಿಸಿಗೆ ಲಗತ್ತಾಗಬೇಕು. ಅದು ಕೆಲಸ ನಡೆಯುತ್ತಿರುವಾಗಿನ ಹೊಣೆಗೆ ಮಾತ್ರವೋ, ಮುಗಿದ ನಂತರಕ್ಕೂ ಅನ್ವಯವೋ ಎಂಬುದನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ, ಏಕೆಂದರೆ ಇವೆರಡಕ್ಕೂ ಬೇರೆ ಬೇರೆ ಎಂಡಾರ್ಸ್‌ಮೆಂಟುಗಳಿರುತ್ತವೆ ಮತ್ತು ಒಪ್ಪಂದ ಎರಡನ್ನೂ ಕೇಳಿದ್ದು ನೀವು ಒಂದನ್ನೇ ಕೊಟ್ಟರೆ ಉಳಿದದ್ದು ನಿಮ್ಮ ಜೇಬಿನಿಂದ ಹೋಗುತ್ತದೆ. ಒಪ್ಪಂದದಲ್ಲಿ ‘ಯಾವುದೇ ಕಾರಣದಿಂದ ಉಂಟಾದ ಎಲ್ಲ ನಷ್ಟಕ್ಕೂ ಗುತ್ತಿಗೆದಾರನೇ ಹೊಣೆ’ ಎಂಬ ಸಾಲಿದ್ದರೆ ಸಹಿ ಮಾಡಬೇಡಿ. ಕಾನೂನು ನಿಮ್ಮ ಮೇಲೆ ಹೊರಿಸದ ಹೊಣೆಯನ್ನು ನೀವಾಗಿ ಮಾತು ಕೊಟ್ಟು ಹೊತ್ತುಕೊಂಡರೆ, ಪಾಲಿಸಿ ಆ ಹೆಚ್ಚುವರಿ ಭಾರವನ್ನು ಹೊರುವುದು ಅಪರೂಪ. ‘ನಮ್ಮ ಕೆಲಸದ ನಿರ್ಲಕ್ಷ್ಯದಿಂದ ಉಂಟಾದ ನಷ್ಟದ ಮಟ್ಟಿಗೆ’ ಎಂದು ತಿದ್ದಿಸಿ.

ಗೋದಾಮು ಹಳೆಯದಾಗಿದ್ದರೆ ಚಾವಣಿಯಲ್ಲಿರುವುದು ಕಲ್ನಾರಿನ ಸಿಮೆಂಟ್ ಶೀಟೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಕಲ್ನಾರಿಗೆ ಸಂಬಂಧಿಸಿದ ಯಾವುದೇ ಹೊಣೆಯನ್ನು ಬಹುಪಾಲು ಹೊಣೆಗಾರಿಕೆ ಪಾಲಿಸಿಗಳು ಪೂರ್ತಿಯಾಗಿ ಹೊರಗಿಡುತ್ತವೆ. ಅದನ್ನು ಬಿಚ್ಚುವ ಕೆಲಸವನ್ನು ಅದಕ್ಕೆಂದೇ ಪರವಾನಗಿ ಮತ್ತು ವಿಮೆ ಇರುವವರಿಗೆ ಬಿಟ್ಟು, ಹೊಸ ಚಾವಣಿಯನ್ನಷ್ಟೇ ನೀವು ಒಪ್ಪಿಕೊಳ್ಳುವುದು ಲೇಸು.

ಹೊಣೆಗಾರಿಕೆ, ನೌಕರರ ಪರಿಹಾರ ಇವೆರಡರ ನಂತರ ಬರುವುದು ಕೆಲಸದ ಮೇಲಿನ ವಿಮೆ. ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಎಂದು ಕರೆಯುವುದು ಇದನ್ನೇ. ಅರ್ಧ ಹಾಕಿದ ಚಾವಣಿ ಬಿರುಗಾಳಿಗೆ ಹಾರಿಹೋದರೆ, ಸ್ಥಳದಲ್ಲಿಟ್ಟ ಶೀಟುಗಳು ಕಳುವಾದರೆ ಮೊದಲೆರಡೂ ಪಾಲಿಸಿಗಳು ಸುಮ್ಮನಿರುತ್ತವೆ. ಆಗ ಇದು ಬೇಕು. ದೊಡ್ಡ ಕೆಲಸಗಳಲ್ಲಿ ಇದನ್ನು ಮಾಲೀಕರೇ ತೆಗೆದಿರುವುದುಂಟು, ಹಾಗಿದ್ದರೆ ಅದರಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡಿದರೆ ಸಾಕು. ಉಪಕರಣ ಮತ್ತು ವಾಹನಗಳ ವಿಮೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಕಳೆದರೆ ನೋವಾಗುತ್ತದೆ, ಉದ್ಯೋಗ ಮುಳುಗುವುದಿಲ್ಲ.

ಹೊಣೆಯ ಮಿತಿ ನೋಡುವಾಗ ಎರಡು ಅಂಕಿಗಳಿರುತ್ತವೆ: ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಒಟ್ಟು ಎಷ್ಟು. ಎರಡೂ ಒಂದೇ ಆಗಿದ್ದರೆ ಮೊದಲ ದೊಡ್ಡ ಕ್ಲೇಮಿನ ನಂತರ ಆ ವರ್ಷ ನೀವು ಬರಿಗೈ. ವಕೀಲರ ಖರ್ಚು ಮಿತಿಯೊಳಗೋ ಹೊರಗೋ ಎಂಬುದನ್ನೂ ಕೇಳಿ. ಒಳಗಿದ್ದರೆ ಮೊಕದ್ದಮೆ ಎಳೆದಷ್ಟೂ ಪರಿಹಾರಕ್ಕೆ ಉಳಿಯುವ ಹಣ ಕರಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಪ್ರಸ್ತಾವನಾ ಪತ್ರದಲ್ಲಿ ಬರೆದ ಒಂದು ಅಂಕಿ ಎಲ್ಲವನ್ನೂ ಕೆಡಿಸಬಲ್ಲದು. ‘ಕೆಲಸ ಮಾಡುವ ಗರಿಷ್ಠ ಎತ್ತರ’ ಎಂಬ ಅಂಕಣದಲ್ಲಿ ಪ್ರೀಮಿಯಂ ಕಡಿಮೆಯಾಗಲೆಂದು 10 ಮೀಟರ್ ಎಂದು ಬರೆದವರು 14 ಮೀಟರಿನ ಕಟ್ಟಡ ಹತ್ತಿದರೆ, ಆ ಅಂಕಿಯೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. ಇಂಥ ಪತ್ರವನ್ನು ಏಜೆಂಟರ ಕಚೇರಿಯಲ್ಲಿ ತುಂಬಿಸಿ ನಿಮ್ಮಿಂದ ಸಹಿ ಮಾತ್ರ ಪಡೆದಿದ್ದರೆ, ಅದರ ಪ್ರತಿ ತರಿಸಿ ಈಗಲೇ ಓದಿ. ಎತ್ತರ, ಬರ್ನರಿನ ಬಳಕೆ, ಕೂಲಿಯ ಒಟ್ಟು ಮೊತ್ತ, ಉಪಗುತ್ತಿಗೆಗೆ ಕೊಡುವ ಪಾಲು, ಹಿಂದಿನ ಕ್ಲೇಮುಗಳು, ಈ ಐದರಲ್ಲಿ ಯಾವುದು ತಪ್ಪಿದ್ದರೂ ಅಪಘಾತವಾಗುವ ಮುನ್ನ ಪತ್ರ ಬರೆದು ತಿದ್ದಿಸಿಕೊಂಡರೆ ಹೆಚ್ಚೆಂದರೆ ಪ್ರೀಮಿಯಂ ಏರೀತು.

ನಾಳೆ ಏನಾದರೂ ನಡೆದೇ ಹೋದರೆ, ಮೊದಲು ಗಾಯಾಳುಗಳನ್ನು ನೋಡಿಕೊಳ್ಳಿ, ನಷ್ಟ ಹೆಚ್ಚದಂತೆ ತಡೆಯಿರಿ, ಆದರೆ ಮುರಿದ ಶೀಟು, ಹರಿದ ಹಗ್ಗ, ಸುಟ್ಟ ಹಾಳೆಯ ತುಂಡು ಇವನ್ನು ಸರ್ವೇಯರ್ ನೋಡುವವರೆಗೆ ಎಸೆಯಬೇಡಿ. ಕಂಪನಿಗೆ ಅದೇ ದಿನ ಬರೆದು ತಿಳಿಸಿ. ಸ್ಥಳದಲ್ಲಿ ಸಂಕೋಚಕ್ಕೆ ಬಿದ್ದು ‘ತಪ್ಪು ನಮ್ಮದೇ, ಎಲ್ಲ ಕಟ್ಟಿಕೊಡುತ್ತೇವೆ’ ಎಂದು ಬರೆದುಕೊಡಬೇಡಿ. ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳುವುದನ್ನು ಬಹುತೇಕ ಪಾಲಿಸಿಗಳು ನಿಷೇಧಿಸುತ್ತವೆ.

ಗೋದಾಮಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಏಜೆಂಟರಿಗೆ ನಾಲ್ಕು ಪ್ರಶ್ನೆ ಬರೆದು ಕಳುಹಿಸಿ: ಚಾವಣಿ ತೆರೆದಿರುವಾಗ ಬಂದ ಮಳೆಯ ನಷ್ಟ ಸೇರಿದೆಯೇ, ಬರ್ನರಿನ ಕೆಲಸ ಸೇರಿದೆಯೇ, ಎತ್ತರದ ಮಿತಿ ಎಷ್ಟು, ಕೆಲಸ ಮುಗಿದ ಮೇಲೆ ರಕ್ಷಣೆ ಎಲ್ಲಿಯವರೆಗೆ. ಉತ್ತರ ಫೋನಿನಲ್ಲಿ ಬೇಡ. ಪಾಲಿಸಿಯ ಯಾವ ಪುಟದ ಯಾವ ಷರತ್ತು ಎಂಬುದನ್ನು ಸೂಚಿಸಿ ಕಂಪನಿಯ ಕಡೆಯಿಂದ ಬರವಣಿಗೆಯಲ್ಲಿ ಬರಲಿ. ಅದು ಕೈಗೆ ಬರುವವರೆಗೆ ಗೋದಾಮಿನ ಒಂದು ಶೀಟನ್ನೂ ಬಿಚ್ಚಬೇಡಿ.